ಆರು ತಂತಿಗಳ ಪಾಠ

ವಿದ್ಯೆಗೆ ವಯಸ್ಸಿನ ಕಟ್ಟಿಲ್ಲವೆಂದು ನಾವು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಬೋಧಿಸುತ್ತ ಬಂದವರು. ಹಳಿಯಾಳ ತಾಲೂಕಿನ ಶಾಲೆಯೊಂದರಿಂದ ನಿವೃತ್ತರಾಗಿ ದಾಂಡೇಲಿಯಲ್ಲಿ ನೆಲೆಸಿದ ಮೇಲೆ, ಅರವತ್ತರ ಹೊಸ್ತಿಲಲ್ಲಿ, ಆ ಮಾತನ್ನು ನಮ್ಮ ಮೇಲೆಯೇ ಪ್ರಯೋಗಿಸಿಕೊಳ್ಳುವ ಪ್ರಸಂಗವು ಒದಗಿತು. ಅದರ ವೃತ್ತಾಂತವನ್ನು ವಾಚಕರ ಮುಂದಿರಿಸುವುದು ನಿಷ್ಪ್ರಯೋಜಕವಾಗಲಾರದೆಂದು ನಂಬಿರುವೆವು.

ನಮ್ಮ ಮಗನು ಪುಣೆಗೆ ಉದ್ಯೋಗಕ್ಕಾಗಿ ಹೋಗುವಾಗ ತನ್ನ ಗಿಟಾರನ್ನು ಗೋಡೆಯ ಮೇಲೆಯೇ ಬಿಟ್ಟುಹೋಗಿದ್ದನು. ಕಳೆದ ಮಳೆಗಾಲದ ಒಂದು ಸಾಯಂಕಾಲ ನಮ್ಮ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಈಗ ಮೂವತ್ತು ದಾಟಿದ ಗೃಹಸ್ಥ. ಭಾನುವಾರಗಳಲ್ಲಿ ಇಗರ್ಜಿಯ ಗಾಯನಕ್ಕೆ ಗಿಟಾರು ನುಡಿಸುವವನು. ಧೂಳು ಹಿಡಿದ ವಾದ್ಯವನ್ನು ಕಂಡು ಅನುಮತಿ ಬೇಡಿ ಕೆಳಗಿಳಿಸಿದನು. ಬಿರಡೆಗಳನ್ನು ತಿರುವಿ ಶ್ರುತಿಗೂಡಿಸಿ ಒಂದು ಕೃತಿಯನ್ನು ನುಡಿಸಿದನು. ಹೊರಗೆ ಮಳೆಯ ಸದ್ದು, ಒಳಗೆ ಆ ನಾದ. ಒಬ್ಬನೇ ನುಡಿಸುತ್ತಿದ್ದರೂ ಇಬ್ಬರು ಮೂವರು ಕೂಡಿ ನುಡಿಸಿದಂತೆ ಕೇಳಿಸಿತು. ಒಳಗಿನಿಂದ ನಮ್ಮ ಗೃಹಿಣಿಯೂ ಕೈಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತಳು. ಅದು ಮುಗಿದೊಡನೆ, ‘ಇದನ್ನು ನಮಗೆ ಕಲಿಸುವೆಯಾ?’ ಎಂದು ಕೇಳಿಯೇ ಬಿಟ್ಟೆವು.

ಆ ಕೃತಿಗೆ ‘ರೊಮಾನ್ಸ್’ ಎಂದು ಹೆಸರು. ಸ್ಪೇನ್ ದೇಶದ್ದೆಂದು ಪ್ರಸಿದ್ಧಿ. ಕರ್ತೃವು ಯಾರೆಂಬುದು ಇಂದಿಗೂ ನಿರ್ವಿವಾದವಾಗಿ ಸಿದ್ಧವಾಗಿಲ್ಲ. 1952ರಲ್ಲಿ ರೆನೆ ಕ್ಲೆಮಾಂ ಎಂಬುವರು ನಿರ್ದೇಶಿಸಿದ ಫ್ರೆಂಚ್ ಚಲಚ್ಚಿತ್ರವೊಂದರಲ್ಲಿ ನಾರ್ಸಿಸೊ ಯೆಪೆಸ್ ಎಂಬ ಸ್ಪೇನಿನ ವಾದಕರು ಇದನ್ನು ನುಡಿಸಿದ ಮೇಲೆ ಲೋಕವೆಲ್ಲ ಇದನ್ನು ಬಲ್ಲುದು. ಗಿಟಾರು ಹಿಡಿದವರೆಲ್ಲರೂ ಒಮ್ಮೆ ಇದರ ಮೇಲೆ ಕೈಯಿಡುವರು. ಕೊನೆ ಮುಟ್ಟಿಸುವವರು ಕೆಲವರು.

ವಾದ್ಯದ ಸ್ವರೂಪವನ್ನು ನಮ್ಮ ವೀಣೆಯೊಡನೆ ಹೋಲಿಸಿ ತಿಳಿಯುವುದು ಸುಲಭ. ವೀಣೆಗೆ ನುಡಿಸುವ ತಂತಿಗಳು ನಾಲ್ಕು, ತಾಳದ ತಂತಿಗಳು ಮೂರು, ಮೇಣದಲ್ಲಿ ಕೂಡಿಸಿದ ಮೆಟ್ಟಿಲುಗಳು 24. ಗಿಟಾರಿಗೆ ಆರು ತಂತಿಗಳು. ದಪ್ಪ ತಂತಿಯನ್ನು ಷಡ್ಜವೆಂದು ಇಟ್ಟುಕೊಂಡರೆ ಕ್ರಮವಾಗಿ ಷಡ್ಜ, ಮಧ್ಯಮ, ಕೈಶಿಕಿ ನಿಷಾದ, ಸಾಧಾರಣ ಗಾಂಧಾರ, ಪಂಚಮ, ಮತ್ತೆ ಷಡ್ಜ; ಮೊದಲಿಗೂ ಕೊನೆಗೂ ಎರಡು ಸ್ಥಾಯಿಗಳ ಅಂತರ. ಹನ್ನೆರಡನೆಯ ಮೆಟ್ಟಿಲು ತಂತಿಯ ಸರಿಯಾದ ಅರ್ಧಕ್ಕೆ ಬರುವುದರಿಂದ ಅಲ್ಲಿ ಮೇಲಿನ ಸ್ಥಾಯಿಯ ಅದೇ ಸ್ವರವು ನುಡಿಯುತ್ತದೆ. ವೀಣೆಯಲ್ಲಿ ತಂತಿಯನ್ನು ಎಳೆದು ಗಮಕವನ್ನು ಸಾಧಿಸುವರು. ಗಿಟಾರಿನಲ್ಲಿ ಹಲವು ಸ್ವರಗಳನ್ನು ಏಕಕಾಲಕ್ಕೆ ನುಡಿಸಿ ಮಾಧುರ್ಯವನ್ನು ಸಾಧಿಸುವರು. ವಾದ್ಯದ ಒಡಲಿನ ಪಕ್ಕ ಮತ್ತು ಬೆನ್ನಿಗೆ ಉತ್ತಮ ಮರವೆಂದು ಗಣಿಸಲ್ಪಟ್ಟಿರುವುದು ನಮ್ಮ ಪಶ್ಚಿಮ ಘಟ್ಟದ ಬೀಟೆ. ಬ್ರೆಜಿಲ್ ದೇಶದ ಬೀಟೆಯು ದುರ್ಲಭವಾಗಲು, ಅಮೆರಿಕದ ಪ್ರಸಿದ್ಧ ಮಾರ್ಟಿನ್ ಕಾರ್ಖಾನೆಯು 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ನಾವು ಪರದೇಶದ್ದೆಂದು ಎಣಿಸುವ ವಾದ್ಯದ ಒಡಲಿನಲ್ಲಿ ನಮ್ಮ ಘಟ್ಟದ ಮರವೇ ನುಡಿಯುತ್ತಿರಬಹುದು!

ಇನ್ನು ಕೃತಿಯ ರಚನೆ. ಹದಿನಾರು ಆವರ್ತಗಳ ಎರಡು ಭಾಗಗಳು. ಪ್ರತಿ ಆವರ್ತದಲ್ಲಿ ಮೂರು ಪೆಟ್ಟು, ಪ್ರತಿ ಪೆಟ್ಟಿಗೆ ಮೂರು ಸ್ವರ. ‘ತಕಿಟ ತಕಿಟ ತಕಿಟ’ ಎಂಬ ತ್ರಿಶ್ರ ನಡೆ. ಬಲಗೈಯ ಅನಾಮಿಕೆಯು ಮೊದಲ ತಂತಿಯಲ್ಲಿ ರಾಗವನ್ನು ಹೇಳಬೇಕು. ಮಧ್ಯಮೆ, ತರ್ಜನಿಗಳು ಎರಡನೆಯ, ಮೂರನೆಯ ತಂತಿಗಳನ್ನು ಮೀಟುತ್ತ ಅದನ್ನು ಹಿಂಬಾಲಿಸಬೇಕು. ಅಂಗುಷ್ಠವು ಆವರ್ತದ ಆದಿಯಲ್ಲಿ ದಪ್ಪ ತಂತಿಯನ್ನು ಮುಟ್ಟಿ ಆಧಾರವೀಯಬೇಕು. ನಾಲ್ಕು ಬೆರಳುಗಳಲ್ಲಿ ಅತ್ಯಂತ ದುರ್ಬಲವಾದ ಅನಾಮಿಕೆಗೇ ರಾಗದ ಹೊಣೆ ಬಂದಿರುವುದು ಮೊದಲನೆಯ ಕಷ್ಟ. ಪೂರ್ವಾರ್ಧದ ಸ್ವರಗಳು ನಮ್ಮ 20ನೆಯ ಮೇಳ ನಟಭೈರವಿಯವು. ಅಲ್ಲಲ್ಲಿ ಕಾಕಲಿ ನಿಷಾದವು ಬಂದು ಕೀರವಾಣಿಯ ನೆರಳು ಬೀಳುತ್ತದೆ. ಉತ್ತರಾರ್ಧವು 29ನೆಯ ಮೇಳ ಧೀರಶಂಕರಾಭರಣಕ್ಕೆ ಹೊರಳುತ್ತದೆ. ಷಡ್ಜವು ಚಲಿಸದೆ ಗಾಂಧಾರವು ಒಂದು ಮೆಟ್ಟಿಲು ಏರಿದ ಮಾತ್ರಕ್ಕೆ ಮೋಡ ಸರಿದು ಬಿಸಿಲು ಬಿದ್ದಂತಾಗುತ್ತದೆ.

ಮೊದಲ ಐದು ಆವರ್ತಗಳಿಗೆ ಎಡಗೈಯ ಒಂದೇ ಬೆರಳು ಸಾಕು. ಎಂಟು ದಿನಗಳಲ್ಲಿ ಅಷ್ಟನ್ನು ನುಡಿಸಿ ಗರ್ವಪಟ್ಟೆವು. ಒಂಬತ್ತು ಹತ್ತನೆಯ ಆವರ್ತಗಳು ಆ ಗರ್ವವನ್ನು ಮುರಿದುವು. ಅಲ್ಲಿ ಏಳನೆಯ ಮೆಟ್ಟಿಲಿನಲ್ಲಿ ತೋರುಬೆರಳನ್ನು ಅಡ್ಡವಾಗಿ ಮಲಗಿಸಿ ಆರೂ ತಂತಿಗಳನ್ನು ಒತ್ತಿಹಿಡಿಯಬೇಕು. ಹಿಡಿದಿರುವಾಗಲೇ ಕಿರುಬೆರಳು ಹನ್ನೊಂದನೆಯ ಮೆಟ್ಟಿಲಿಗೆ ಚಾಚಬೇಕು. ಎರಡು ಮೆಟ್ಟಿಲುಗಳ ನಡುವೆ ಸುಮಾರು 9 ಸೆಂಟಿಮೀಟರ್ ದೂರ. ಸೀಮೆಸುಣ್ಣ ಹಿಡಿದು ಸವೆದ ಕೈಗೆ ಅದು ಯೋಜನದಷ್ಟಾಯಿತು. ತಂತಿಯು ನುಡಿಯದೆ ‘ಟಕ್’ ಎಂದು ಸತ್ತ ಸದ್ದು ಮಾಡುತ್ತಿತ್ತು. ಬೆರಳ ತುದಿಗಳು ಕೆಂಪೇರಿ ನೊಂದುವು.

ಒಂದು ದಿನ ಸಿಟ್ಟಿನಿಂದ ಕೈಯನ್ನು ಮಂಡಿಗೆ ಬಡಿದುಕೊಂಡೆವು. ಶಿಷ್ಯನು ಶಾಂತವಾಗಿ, ‘ಬೆರಳಿಗೆ ಹೊಡೀಬ್ಯಾಡ್ರಿ ಸರ. ಹೊಡದರ ಅದು ಕಲಿಯೂದಿಲ್ಲ. ವ್ಯಾಳ್ಯಾ ಕೊಡ್ರಿ’ ಎಂದನು.

ಆ ಮಾತು ನಾಟಿತು. ಏಕೆಂಬುದನ್ನು ಮುಚ್ಚಿಡದೆ ಹೇಳುವೆವು. ಈತನು ಸಿದ್ದಿ ಜನಾಂಗದವನು. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟು, ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾಗಳ ಕಾಡಿನಲ್ಲಿ ನೆಲೆ ಕಂಡವರ ಸಂತತಿ. 2003ರಲ್ಲಿ ಪರಿಶಿಷ್ಟ ಪಂಗಡವೆಂದು ಮನ್ನಣೆ ಪಡೆದವರು. ಇಪ್ಪತ್ತು ವರ್ಷಗಳ ಹಿಂದೆ ರಾಮ ಶಬ್ದದ ರೂಪಗಳನ್ನು ಒಪ್ಪಿಸಲಾರದೆ ತಡವರಿಸಿದಾಗ, ಇಡೀ ತರಗತಿಯ ಎದುರಿಗೆ, ‘ನಿನ್ನ ಕೈಗೆ ಪುಸ್ತಕವೇಕೆ, ದಮಾಮಿಯೇ ಸಾಕು’ ಎಂದವರು ನಾವು. ಬೆತ್ತವನ್ನೂ ಎತ್ತಿದ್ದೆವು. ಮಕ್ಕಳು ನಕ್ಕರು. ಅವನು ಆ ವರ್ಷದ ಕೊನೆಗೆ ಸಂಸ್ಕೃತವನ್ನು ಬಿಟ್ಟನು. ದಮಾಮಿಯೆಂಬುದು ಸಿದ್ದಿಗಳ ಹಬ್ಬಹರಿದಿನಗಳ ಚರ್ಮವಾದ್ಯ. ಅದರ ಲಯವನ್ನು ಹಿಡಿಯುವುದು ಶಬ್ದರೂಪಗಳನ್ನು ಹಿಡಿಯುವುದಕ್ಕಿಂತ ಕಿರಿದಾದ ವಿದ್ಯೆಯಲ್ಲವೆಂಬುದು ನಮಗೆ ಆಗ ತಿಳಿದಿರಲಿಲ್ಲ. ಈಗ ಒಂದೇ ಕೈಯಲ್ಲಿ ‘ತಕಿಟ’ವನ್ನು ಸಮವಾಗಿ ನಡೆಸಲಾರದೆ ಬೆವರುವಾಗ ತಿಳಿಯಿತು.

ಗಿಟಾರನ್ನು ಕೆಳಗಿಟ್ಟು, ‘ತಮ್ಮಾ, ಅಂದು ನಾವು ಆಡಿದ್ದು ತಪ್ಪು’ ಎಂದೆವು. ಯಾವುದೆಂದು ಅವನು ಕೇಳಲಿಲ್ಲ; ಮರೆತಿರಲಿಲ್ಲವೆಂದು ಅದರಿಂದಲೇ ತಿಳಿಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮನಿಗೆ ಹೋಗಿ ಅವ್ವನ ಮುಂದ ಅತ್ತಿದ್ದೆ ಸರ’ ಎಂದನು. ಆಮೇಲೆ ನಮ್ಮ ಮಣಿಕಟ್ಟನ್ನು ಹಿಡಿದು ತುಸು ಮುಂದೆ ಸರಿಸಿ, ‘ಈಗ ಹಿಡೀರಿ’ ಎಂದನು. ಕ್ಷಮಿಸಿದೆನೆಂಬ ಮಾತು ಬರಲಿಲ್ಲ. ಅದನ್ನು ಬೇಡುವ ಅಧಿಕಾರವೂ ನಮಗಿರಲಿಲ್ಲ. ಮುಂದಿನ ವಾರವೂ ಅವನು ಪಾಠಕ್ಕೆ ಬಂದನು.

ಅವನು ಕಲಿಸಿದ ಕ್ರಮವು ಯಾವ ವಿದ್ಯೆಗಾದರೂ ಸಲ್ಲತಕ್ಕದ್ದು. ಇಡೀ ಕೃತಿಯನ್ನು ಮೊದಲಿನಿಂದ ಮತ್ತೆ ಮತ್ತೆ ನುಡಿಸಬಾರದು. ತಪ್ಪುವ ಎರಡು ಆವರ್ತಗಳನ್ನು ಮಾತ್ರ ಬೇರ್ಪಡಿಸಿ, ತಪ್ಪಲು ಸಾಧ್ಯವಿಲ್ಲದಷ್ಟು ನಿಧಾನವಾಗಿ ನುಡಿಸಬೇಕು. ಲಯಮಾಪಕವನ್ನು ನಿಮಿಷಕ್ಕೆ ನಲವತ್ತು ಪೆಟ್ಟಿಗಿಟ್ಟು, ಶುದ್ಧವಾದ ಮೇಲೆ ಸ್ವಲ್ಪ ಸ್ವಲ್ಪವೇ ಏರಿಸಬೇಕು. ತೋರುಬೆರಳಿನ ಮೆತ್ತನೆಯ ಭಾಗವನ್ನಲ್ಲ, ಎಲುಬಿರುವ ಪಕ್ಕವನ್ನು ಮೆಟ್ಟಿಲಿಗೆ ತೀರ ಸಮೀಪವಾಗಿ ಮಲಗಿಸಬೇಕು. ಹೆಬ್ಬೆರಳಿನಿಂದ ಹಿಂಡದೆ ತೋಳಿನ ಭಾರದಿಂದ ಒತ್ತಬೇಕು. ಎರಡು ಗಂಟೆ ಒಮ್ಮೆಲೇ ಕೂರುವುದಕ್ಕಿಂತ ದಿನಕ್ಕೆರಡು ಸಲ ಇಪ್ಪತ್ತು ನಿಮಿಷ ಮೇಲು. ಕಲಿತುದು ನಿದ್ರೆಯಲ್ಲಿ ನೆಲೆಗೊಳ್ಳುತ್ತದೆ. ಕೀಲು ನೊಂದರೆ ನಿಲ್ಲಿಸತಕ್ಕದ್ದು. ನಮ್ಮ ಸೀಮೆಯ ಮಳೆಗಾಲದಲ್ಲಿ ಮರವು ಉಬ್ಬಿ ಶ್ರುತಿಯು ಕೆಡುವುದರಿಂದಲೂ ಉಕ್ಕಿನ ತಂತಿಗಳು ತುಕ್ಕು ಹಿಡಿಯುವುದರಿಂದಲೂ ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಡಬೇಕು.

ನಾವು ಆರಂಭಿಸಿ ಒಂಬತ್ತು ತಿಂಗಳಾದುವು. ಪೂರ್ವಾರ್ಧವು ಕೈವಶವಾಗಿದೆ, ಹತ್ತನೆಯ ಆವರ್ತವು ಮೂರು ಸಲದಲ್ಲಿ ಎರಡು ಸಲ ನುಡಿಯುತ್ತದೆ. ಉತ್ತರಾರ್ಧವು ಇನ್ನೂ ದೂರವಿದೆ. ಹಾಡುತ್ತ ಹಾಡುತ್ತ ರಾಗವೆಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ನಿಮ್ಮ ಮನೆಯ ಗೋಡೆಯ ಮೇಲೆಯೂ ಯಾವುದಾದರೊಂದು ವಾದ್ಯವು ತೂಗುತ್ತಿರಬಹುದು, ಕೆಳಗಿಳಿಸಿರಿ. ಮನೆಯ ಮಕ್ಕಳು ಪಾಠದಲ್ಲಿ ತಡವರಿಸಿದಾಗ, ಬೆತ್ತಕ್ಕೂ ನಾಲಗೆಗೂ ಕೈಹಾಕುವ ಮುನ್ನ, ತಾವೇ ಒಂದು ಹೊಸ ವಿದ್ಯೆಯನ್ನು ಹಿಡಿದು ಎಂಟು ದಿನ ತಡವರಿಸಿ ನೋಡಿರಿ. ನಾವು ಅದನ್ನು ಮೂವತ್ತು ವರ್ಷ ಮೊದಲೇ ಮಾಡಿದ್ದರೆ ಒಂದು ಮಗುವು ಅಂದು ಅಳುತ್ತ ಮನೆಗೆ ಹೋಗುತ್ತಿರಲಿಲ್ಲ.