ಅಡಗೂಲಜ್ಜಿ ಕಥೆಗೆ ಕಪಾಟಿನಲ್ಲೊಂದು ಜಾಗ

ಸೆಪ್ಟೆಂಬರ್ 15 ಬಂತೆಂದರೆ ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಹಿಸ್ಪಾನಿಕ್ ಪರಂಪರೆಯ ಮಾಸಾಚರಣೆ ಶುರು. ಅಕ್ಟೋಬರ್ 15ರವರೆಗೂ ಕಥೆ, ಹಾಡು, ಪುಸ್ತಕ ಪ್ರದರ್ಶನ. ತಿಂಗಳ ನಡುವೆ ಆರಂಭವಾಗುವುದಕ್ಕೆ ಕಾರಣವಿದೆ: ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್, ನಿಕರಾಗುವಾ, ಕೋಸ್ಟರೀಕ ಈ ಐದೂ ದೇಶಗಳು 1821ರಲ್ಲಿ ಸ್ವತಂತ್ರವಾದದ್ದು ಅದೇ ದಿನ. ಮರುದಿನ ಮೆಕ್ಸಿಕೊದ ಸ್ವಾತಂತ್ರ್ಯೋತ್ಸವ. 1968ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲದಲ್ಲಿ ವಾರವಾಗಿದ್ದದ್ದು 1988ರ ಕಾನೂನಿನಿಂದ ತಿಂಗಳಾಯಿತು. ಹಾಗೆಂದು ಇದನ್ನು ಸರ್ಕಾರ ಕೊಟ್ಟ ಹಬ್ಬವೆಂದುಕೊಂಡರೆ ಅರ್ಧ ಕಥೆ ತಪ್ಪಿಹೋಗುತ್ತದೆ. ಗ್ರಂಥಾಲಯದ ಮಟ್ಟಿಗೆ ಈ ಹಬ್ಬ ಹುಟ್ಟಿದ್ದು ಸರ್ಕಾರಿ ಘೋಷಣೆಗೂ ದಶಕಗಳ ಹಿಂದೆ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಅದು ಹುಟ್ಟಿದ್ದೂ ಹಬ್ಬವಾಗಿ ಅಲ್ಲ, ದಿನನಿತ್ಯದ ಕೆಲಸವಾಗಿ.

ಹಾರ್ಲೆಮ್‌ನ 135ನೇ ರಸ್ತೆಯ ಶಾಖಾ ಗ್ರಂಥಾಲಯದ ಮುಖ್ಯಸ್ಥೆಯಾಗಿದ್ದವರು ಅರ್ನೆಸ್ಟೀನ್ ರೋಸ್. ಓಣಿಯ ಜನರ ಭಾಷೆ ಬಲ್ಲ ಸಿಬ್ಬಂದಿ ಇಲ್ಲದಿದ್ದರೆ ಪುಸ್ತಕ ತುಂಬಿಟ್ಟೂ ಪ್ರಯೋಜನವಿಲ್ಲ ಎಂಬುದು ಅವರ ನಿಲುವು. ಸುತ್ತಮುತ್ತ ಪೋರ್ಟೊರಿಕೊ ದ್ವೀಪದಿಂದ ಬಂದ ಕುಟುಂಬಗಳು ಹೆಚ್ಚುತ್ತಿದ್ದಾಗ, 1921ರಲ್ಲಿ, ಅದೇ ದ್ವೀಪದ ಸೀದ್ರಾ ಊರಿನ ಪೂರಾ ಬೆಲ್‌ಪ್ರೆ ಎಂಬ ತರುಣಿ ಅಲ್ಲಿ ಕೆಲಸಕ್ಕೆ ಸೇರಿದರು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮೊದಲ ಪೋರ್ಟೊರಿಕನ್ ಗ್ರಂಥಪಾಲಕಿ ಎಂದು ಅವರನ್ನು ಗುರುತಿಸುತ್ತಾರೆ. ಮಕ್ಕಳ ಕಪಾಟಿನಲ್ಲಿ ಜಗತ್ತಿನ ಜನಪದ ಕಥೆಗಳನ್ನೆಲ್ಲ ಕಂಡ ಅವರಿಗೆ, ತನ್ನಜ್ಜಿ ಹೇಳುತ್ತಿದ್ದ ಒಂದು ಕಥೆಯೂ ಅಲ್ಲಿ ಸಿಗಲಿಲ್ಲ. ಕಥಾ ಸಮಯದಲ್ಲಿ ಅಚ್ಚಾದ ಪುಸ್ತಕದ ಕಥೆಗಳನ್ನಷ್ಟೇ ಹೇಳಬೇಕೆಂಬ ರೂಢಿ ಬೇರೆ. ಅಚ್ಚಾಗದ ಕಥೆ ಹೇಳಲು ಅನುಮತಿ ಪಡೆದು ಅವರು ಹೇಳಿದ್ದು ಪೆರೆಸ್ ಎಂಬ ಇಲಿಯಪ್ಪನನ್ನು ಮದುವೆಯಾದ ಮಾರ್ತಿನಾ ಎಂಬ ಜಿರಲೆಯ ಕಥೆ. ನಮ್ಮ ಕಾಗಕ್ಕ ಗುಬ್ಬಕ್ಕನ ಸಂಸಾರಕ್ಕೆ ದೂರದ ನೆಂಟರಂತಿರುವ ಈ ಜೋಡಿಯ ಬಾಳು ಸುಖಾಂತವಲ್ಲ. ಹೆಂಡತಿ ಮಾಡುತ್ತಿದ್ದ ಸಿಹಿಯ ರುಚಿ ನೋಡಲು ಹೋಗಿ ಇಲಿ ಪಾತ್ರೆಗೇ ಬೀಳುತ್ತದೆ. 1932ರಲ್ಲಿ ಅದು ಪುಸ್ತಕವಾಗಿ ಹೊರಬಂದಾಗ ಅಡಗೂಲಜ್ಜಿ ಕಥೆಯೊಂದು ಕೈತಪ್ಪದೆ ಕಪಾಟು ಸೇರಿದಂತಾಯಿತು. ಮುಂದೆ 115ನೇ ರಸ್ತೆಯ ಶಾಖೆಯಲ್ಲಿ ಅವರು ಜನವರಿ 6ರ ಮೂವರು ರಾಜರ ಹಬ್ಬವನ್ನು ಆಚರಿಸತೊಡಗಿದರು. ರಾಜರ ಒಂಟೆಗಳಿಗೆಂದು ಮಕ್ಕಳು ಹಿಂದಿನ ರಾತ್ರಿ ಹುಲ್ಲು ಇಟ್ಟು ಮಲಗುವ ಹಬ್ಬವದು. ಮೊದಲು ಭಾಷೆ ಬಲ್ಲ ಸಿಬ್ಬಂದಿ, ಆಮೇಲೆ ಕಥೆ, ಆಮೇಲೆ ಪುಸ್ತಕ, ಕೊನೆಗೆ ಹಬ್ಬ: ಈ ಅನುಕ್ರಮದಲ್ಲೇ ನನ್ನ ವಾದವಿದೆ. ಹಿಂದಿನ ಮೂರು ಇಲ್ಲದೆ ನಾಲ್ಕನೆಯದನ್ನು ಮಾತ್ರ ಮಾಡುವ ಗ್ರಂಥಾಲಯ ಕಟ್ಟುವುದು ಬರೀ ತೋರಣ.

ತಿಂಗಳ ಮಟ್ಟಿಗಿನ ಸಂಭ್ರಮ ತೋರಿಕೆಯದು ಎಂಬ ಆಕ್ಷೇಪವನ್ನು ಹಾಗಾಗಿ ನಾನು ಅರ್ಧ ಒಪ್ಪುತ್ತೇನೆ. ಮಕ್ಕಳಿಗೆ ಮನೆಮಾತಿನ ಪುಸ್ತಕ ಕೊಟ್ಟರೆ ಇಂಗ್ಲಿಷ್ ಕಲಿಕೆ ಹಿಂದೆ ಬೀಳುತ್ತದೆ ಎಂಬ ಇನ್ನೊಂದು ಆಕ್ಷೇಪವನ್ನು ಮಾತ್ರ ಒಪ್ಪಲಾರೆ. ಬೆಲ್‌ಪ್ರೆ ಎರಡೂ ಭಾಷೆಗಳಲ್ಲಿ ಕಥೆ ಹೇಳುತ್ತಿದ್ದರು; ಇಲಿ–ಜಿರಲೆಯ ಆ ಪುಸ್ತಕ ಮೊದಲು ಅಚ್ಚಾದದ್ದೂ ಇಂಗ್ಲಿಷಿನಲ್ಲೇ. ಸ್ಪ್ಯಾನಿಷ್ ಅಲ್ಲಿ ಇಂಗ್ಲಿಷಿಗೆ ಅಡ್ಡಗೋಡೆಯಾಗಲಿಲ್ಲ, ಹೊಸ್ತಿಲಾಯಿತು. ಗ್ರಂಥಾಲಯ ತನ್ನದೆಂದು ಅನ್ನಿಸಿದ ಮಗು ತಾನೇ ಪಕ್ಕದ ಕಪಾಟಿಗೂ ಕೈಚಾಚುವುದು?

ಹೆಚ್ಚು ತೂಕದ ಆಕ್ಷೇಪ ಹೆಸರಿನದು. 2020ರ ಜನಗಣತಿ 6.2 ಕೋಟಿಯಷ್ಟು ಜನರನ್ನು ಒಂದೇ ಹೆಸರಿನಡಿ ಎಣಿಸಿತು. ಅವರಲ್ಲಿ 1917ರಿಂದಲೇ ಅಮೆರಿಕದ ಪೌರರಾದ ಪೋರ್ಟೊರಿಕನ್ನರಿದ್ದಾರೆ; ಯುದ್ಧದ ಬಳಿಕ 1848ರಲ್ಲಿ ಗಡಿಯೇ ಸರಿದು, ಕೂತಲ್ಲೇ ಅಮೆರಿಕದವರಾದ ಮೆಕ್ಸಿಕನ್ ಮನೆತನಗಳವರಿದ್ದಾರೆ; ಮನೆಯಲ್ಲಿ ಸ್ಪ್ಯಾನಿಷ್ ಅಲ್ಲ, ಮಾಯಾ ಭಾಷೆಗಳನ್ನಾಡುವ ಗ್ವಾಟೆಮಾಲಾದವರೂ ಇದ್ದಾರೆ. ಪೋರ್ಚುಗೀಸ್ ಆಡುವ ಬ್ರೆಜಿಲಿನವರು ಲ್ಯಾಟಿನೊ ಹೌದು, ಹಿಸ್ಪಾನಿಕ್ ಅಲ್ಲ. ಲಿಂಗಭೇದ ತಪ್ಪಿಸಲೆಂದು ಬಂದ ‘ಲ್ಯಾಟಿನೆಕ್ಸ್’ ಪದವನ್ನು ತಮಗೆ ಬಳಸಿಕೊಳ್ಳುವವರು ಶೇ 3ರಷ್ಟು ಮಾತ್ರ ಎಂದು ಪ್ಯೂ ಸಂಶೋಧನಾ ಕೇಂದ್ರದ 2020ರ ವರದಿ ಹೇಳಿತು. ಹೆಸರು ಒರಟೇ, ನಿಜ. ಆದರೆ ಒರಟುತನ ಭಿತ್ತಿಪತ್ರದ್ದು. ಕಪಾಟಿಗೆ ಆ ಕಷ್ಟವಿಲ್ಲ. ಮಾರ್ತಿನಾ ‘ಹಿಸ್ಪಾನಿಕ್’ ಜಿರಲೆಯಲ್ಲ, ಒಂದು ದ್ವೀಪದ ಒಬ್ಬ ಅಜ್ಜಿಯ ಜಿರಲೆ. 135ನೇ ರಸ್ತೆಯ ಅದೇ ಶಾಖೆ ಇದಕ್ಕೆ ಇನ್ನೊಂದು ಸಾಕ್ಷಿ ಕೊಡುತ್ತದೆ: ಸಾನ್ ಹ್ವಾನ್‌ನಲ್ಲಿ ಹುಟ್ಟಿದ ಕಪ್ಪು ವರ್ಣದ ಆರ್ತುರೊ ಶೋಂಬರ್ಗ್ ಕೂಡಿಟ್ಟ ಆಫ್ರಿಕನ್ ಮೂಲದವರ ಇತಿಹಾಸದ ಸಂಗ್ರಹವನ್ನು 1926ರಲ್ಲಿ ಕಾರ್ನೆಗಿ ಸಂಸ್ಥೆ 10,000 ಡಾಲರ್ ಕೊಟ್ಟು ಕೊಂಡು ಅಲ್ಲಿಗೆ ಒಪ್ಪಿಸಿತು. ಶೋಂಬರ್ಗ್ ಯಾರ ಪರಂಪರೆ? ಹಿಸ್ಪಾನಿಕರದೊಂದು, ಕಪ್ಪು ಜನರ ಇತಿಹಾಸದ್ದೊಂದು, ಹೀಗೆ ಎರಡು ಮಾಸಾಚರಣೆಗಳು ಅವರಿಗಾಗಿ ಜಗ್ಗಾಡಬಹುದು. ಗ್ರಂಥಾಲಯ ಎರಡೂ ಕಡೆ ಇಟ್ಟುಕೊಳ್ಳಬಹುದು.

ಬೆಲ್‌ಪ್ರೆ ಹೆಸರಿನಲ್ಲಿ 1996ರಿಂದ ಲ್ಯಾಟಿನೊ ಲೇಖಕರಿಗೂ ಚಿತ್ರಕಾರರಿಗೂ ಮಕ್ಕಳ ಸಾಹಿತ್ಯದ ಪ್ರಶಸ್ತಿ ಕೊಡುತ್ತಾರೆ. ಮೊದಲು ಎರಡು ವರ್ಷಕ್ಕೊಮ್ಮೆ ಇದ್ದದ್ದು 2009ರಿಂದ ಪ್ರತಿವರ್ಷವಾಗಿದೆ. ಅವರು ಹುದ್ದೆಯಿಂದ ನಿವೃತ್ತರಾದದ್ದು ಪರಂಪರೆಯ ವಾರ ಘೋಷಣೆಯಾದ 1968ರಲ್ಲೇ. ದೇಶ ಆಚರಣೆ ಶುರು ಮಾಡಿದ ಹೊತ್ತಿಗೆ ಅವರು ತಾವೇ ಹೊಲಿದ ಗೊಂಬೆಗಳನ್ನೂ ಕಳಚಿ ಜೋಡಿಸಬಲ್ಲ ಪುಟ್ಟ ರಂಗವನ್ನೂ ತೆಗೆದುಕೊಂಡು, ದಕ್ಷಿಣ ಬ್ರಾಂಕ್ಸ್‌ನ ಗ್ರಂಥಾಲಯ ಯೋಜನೆಯ ಮಕ್ಕಳ ಕಡೆಗೆ ಹೊರಟಿದ್ದರು.