ಎಕ್ಸ್‌ಪೈರಿ ತಾರೀಖಿಗೂ ಒಂದು ಷರತ್ತಿದೆ

ಮಾತ್ರೆ ಕೊಳ್ಳುವಾಗ ನಾವು ನೋಡುವುದು ಎಕ್ಸ್‌ಪೈರಿ ತಾರೀಖನ್ನು. ಅದೇ ಪಟ್ಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿರುತ್ತದೆ: ಇಷ್ಟು ಡಿಗ್ರಿ ಮೀರದ ಜಾಗದಲ್ಲಿ, ಬೆಳಕು, ತೇವ ತಾಗದಂತೆ ಇಡಿ. ಎಷ್ಟೋ ಮಾತ್ರೆಗಳಿಗೆ ಆ ಮಿತಿ 25 ಅಥವಾ 30 ಡಿಗ್ರಿ ಸೆಲ್ಸಿಯಸ್. ಆ ಸಾಲು ಪಾಲನೆಯಾದರೆ ಮಾತ್ರ ತಾರೀಖಿಗೆ ಬೆಲೆ.

ಏಪ್ರಿಲ್‌ನಲ್ಲಿ ನ್ಯಾಮತಿಯ ಬಿಸಿಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ಈ ಊರಿನ ಸುತ್ತ ಸುರಹೊನ್ನೆ, ಸವಳಂಗ, ಬೆಳಗುತ್ತಿಗಳಿವೆ. ಹಳ್ಳಿಯವರಿಗೆ ಕಾಯಿಲೆ ಬಂದಾಗ ಮೊದಲು ನೆನಪಾಗುವುದು ಎಷ್ಟೋ ಸಲ ಡಾಕ್ಟರಲ್ಲ, ಮೆಡಿಕಲ್ ಶಾಪು. ಹೊರಗೆ ನೆರಳಲ್ಲೇ 37 ಡಿಗ್ರಿ ಇರುವ ಮಧ್ಯಾಹ್ನ ತಗಡಿನ ಮಾಡಿನ ಅಂಗಡಿಯೊಳಗೆ, ಅದರಲ್ಲೂ ಮೇಲಿನ ಕಪಾಟಿನಲ್ಲಿ, ಸೆಕೆ ಇನ್ನೂ ಹೆಚ್ಚು. ಶಾಖ 10 ಡಿಗ್ರಿ ಏರಿದರೆ ಹಲವು ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ. ಔಷಧಿ ಕೆಡುವುದೂ ಅಂಥದ್ದೇ ಕ್ರಿಯೆ.

ಆಸ್ಪಿರಿನ್ ಇದನ್ನು ಮೂಗಿಗೇ ತಿಳಿಸುತ್ತದೆ. ತೇವ ತಾಗಿದ ಆಸ್ಪಿರಿನ್ ಒಡೆದು ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲವಾಗುತ್ತದೆ. ಡಬ್ಬಿ ತೆರೆದೊಡನೆ ವಿನೆಗರ್ ವಾಸನೆ ಬಂದರೆ ಆ ಮಾತ್ರೆ ಬೇಡ. ಇನ್ಸುಲಿನ್ ಹೀಗೆ ಸುಳಿವು ಕೊಡುವುದು ಕಡಿಮೆ. ಅದು ಪ್ರೋಟೀನು, ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು. ಕರೆಂಟು ಹೋಗಿ ಫ್ರಿಜ್ ಬಿಸಿಯಾದರೂ ಕಷ್ಟ, ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿದರೂ ಕಷ್ಟ. ಹೆಪ್ಪುಗಟ್ಟಿದ್ದು ಕರಗಿ ಮೊದಲಿನಂತೆಯೇ ಕಂಡರೂ ಬಳಸಬಾರದು. ಚುಚ್ಚಿಕೊಂಡವರು ಸಕ್ಕರೆ ಇಳಿಯದಿದ್ದಾಗ ಡೋಸ್ ಸಾಲದೆಂದು ಭಾವಿಸುತ್ತಾರೆ. ಕೆಟ್ಟಿರುವುದು ಔಷಧಿ ಎಂದು ಹೊಳೆಯುವುದೇ ಇಲ್ಲ. ಬಿಸಿಲಲ್ಲಿ ನಿಂತ ಬೈಕಿನ ಡಿಕ್ಕಿಯೊಳಗೆ ಇನ್ಸುಲಿನ್ ಇಟ್ಟು ಊರಿಗೆ ಒಯ್ಯುವುದೂ ಇಷ್ಟೇ ಅಪಾಯ.

ಕಾನೂನಿಗೇನೂ ಕೊರತೆಯಿಲ್ಲ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ ಅಂಗಡಿಗೆ ಪರವಾನಗಿ ಬೇಕು. ಡಾಕ್ಟರ ಚೀಟಿಯ ಔಷಧಿ ಕೊಡುವಾಗ ನೋಂದಾಯಿತ ಫಾರ್ಮಸಿಸ್ಟರ ಮೇಲ್ವಿಚಾರಣೆ ಇರಲೇಬೇಕು. 2014ರ ಮಾರ್ಚ್ 1ರಿಂದ ಎಚ್-1 ಪಟ್ಟಿಯ ಔಷಧಿಗಳನ್ನು, ಅದರಲ್ಲಿ ಪ್ರಬಲ ಆಂಟಿಬಯೋಟಿಕ್‌ಗಳೂ ಟಿಬಿ ಮಾತ್ರೆಗಳೂ ಇವೆ, ಮಾರಿದಾಗ ರೋಗಿಯ ಮತ್ತು ಡಾಕ್ಟರ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಗೋಡೆಗೆ ಪ್ರಮಾಣಪತ್ರ ತೂಗುಹಾಕಿ ಫಾರ್ಮಸಿಸ್ಟ್ ಬೇರೆಲ್ಲೋ ಇರುವುದು ನನ್ನ ದೃಷ್ಟಿಯಲ್ಲಿ ಸಣ್ಣ ತಪ್ಪಲ್ಲ. ಹಳ್ಳಿಯ ರೋಗಿಗೆ ಔಷಧಿಯ ಬಗ್ಗೆ ಕೇಳಿ ತಿಳಿಯಲು ಹತ್ತಿರದಲ್ಲಿ ಸಿಗುವವರು ಅವರೊಬ್ಬರೇ.

ಕಾರ್ಖಾನೆಯಲ್ಲೇ ಕೆಟ್ಟದ್ದನ್ನು ಅಂಗಡಿಯವರು ಕಣ್ಣಿನಿಂದ ಕಂಡುಹಿಡಿಯಲಾರರು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ಅನುಮಾನ ಬಿದ್ದದ್ದು ನರಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಗುಣಮಟ್ಟವಿಲ್ಲದ ಔಷಧಿಗಳ ಪಟ್ಟಿಯನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳೂ ಹೊರಡಿಸುತ್ತದೆ. ಅದರಲ್ಲಿ ಗುರುತು ಹಚ್ಚುವುದು ಬ್ಯಾಚ್ ನಂಬರಿನಿಂದ. ನಿಮ್ಮ ಕೈಯಲ್ಲಿ ಬಿಲ್ಲಿಲ್ಲದಿದ್ದರೆ, ಕತ್ತರಿಸಿ ಕೊಟ್ಟ ನಾಲ್ಕು ಮಾತ್ರೆಗಳ ತುಂಡಿನಲ್ಲಿ ಬ್ಯಾಚೂ ತಾರೀಖೂ ಇಲ್ಲದಿದ್ದರೆ, ಆ ಪಟ್ಟಿಯಿಂದ ನಿಮಗೆ ಪ್ರಯೋಜನವಿಲ್ಲ.

ಅಂಗಡಿಯವರಲ್ಲಿ ಒಂದು ವಿನಂತಿ: ಕಪಾಟಿನ ಬಳಿ ಒಂದು, ಫ್ರಿಜ್ಜಿನೊಳಗೆ ಒಂದು ಥರ್ಮಾಮೀಟರ್ ಇಡಿ, ದಿನವೂ ಬರೆದಿಡಿ. ಕೊಳ್ಳುವವರು ಹತ್ತು ರೂಪಾಯಿಯ ಮಾತ್ರೆಗೂ ಬಿಲ್ಲು ಕೇಳಿ ಪಡೆಯಿರಿ, ಅದರಲ್ಲಿ ಬ್ಯಾಚ್ ನಂಬರ್ ಇದೆಯೇ ನೋಡಿ.