ಬೆಲ್ಟಿಗೆ ತಕ್ಕ ಪುಲಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಆಸುಪಾಸಿನ ಬೆಲ್ಟ್ ಅಂಗಡಿಗೆ ಪೀಣ್ಯದ ಲೇತ್ ಕೆಲಸದವರೂ ಬರುತ್ತಾರೆ, ಹಳ್ಳಿಯ ಹಿಟ್ಟಿನ ಗಿರಣಿಯವರೂ ಬರುತ್ತಾರೆ. ಕೈಯಲ್ಲಿ ಹರಿದ ಬೆಲ್ಟು, ಬಾಯಲ್ಲಿ ಒಂದೇ ಮಾತು: ‘ಇಂಥದ್ದೇ ಒಂದು ಕೊಡಿ.’ ಅನುಭವಸ್ಥ ವ್ಯಾಪಾರಿ ತಟ್ಟನೆ ಕೊಡುವುದಿಲ್ಲ. ಹಳೆಯದನ್ನು ತಿರುವಿ, ಅದರ ಪಕ್ಕಗಳನ್ನು ಬೆರಳಿನಿಂದ ಸವರಿ, ‘ಎಷ್ಟು ತಿಂಗಳು ಬಂತು? ಪುಲಿ ನೋಡಿದ್ರಾ?’ ಎನ್ನುತ್ತಾರೆ. ಆ ಎರಡನೆಯ ಪ್ರಶ್ನೆಯಲ್ಲಿದೆ ಅವರ ವಿದ್ಯೆ.

ಹಿಂದೆ ಕಾರ್ಖಾನೆಗಳಲ್ಲಿ ಸೂರಿನಡಿ ಒಂದೇ ಉದ್ದನೆಯ ಶಾಫ್ಟ್ ತಿರುಗುತ್ತಿತ್ತು. ಅದರಿಂದ ಇಳಿದ ಚಪ್ಪಟೆ ಚರ್ಮದ ಪಟ್ಟಾಗಳು ಸಾಲು ಯಂತ್ರಗಳನ್ನು ಓಡಿಸುತ್ತಿದ್ದವು. ಆ ಪಟ್ಟಾ ಓಡುವ ಪುಲಿಗಳ ನಡುಭಾಗ ತುಸು ಉಬ್ಬಿರುತ್ತದೆ. ಪಟ್ಟಾ ಉಬ್ಬಿನ ಕಡೆಗೇ ಏರುವುದರಿಂದ ಜಾರಿ ಬೀಳುವುದಿಲ್ಲ. ಅಮೆರಿಕದ ಡೆನ್ವರಿನ ಜಾನ್ ಗೇಟ್ಸ್ 1917ರಲ್ಲಿ ರಬ್ಬರಿನ ವಿ-ಬೆಲ್ಟ್ ತಂದ ಮೇಲೆ ಲೆಕ್ಕವೇ ಬೇರೆಯಾಯಿತು.

ವಿ-ಬೆಲ್ಟ್ ಎಳೆಯುವುದು ಪಕ್ಕಗಳಿಂದ, ತಳದಿಂದಲ್ಲ. ಗ್ರೂವಿನ ಎರಡು ಗೋಡೆಗಳ ನಡುವೆ ಬೆಣೆಯಂತೆ ಸಿಕ್ಕಿಕೊಂಡೇ ಅದಕ್ಕೆ ಹಿಡಿತ. ನೇರವಾಗಿದ್ದಾಗ ಬೆಲ್ಟಿನ ಕೋನ ಸುಮಾರು 40 ಡಿಗ್ರಿ. ಪುಲಿಯ ಮೇಲೆ ಬಾಗಿದಾಗ ಒಳಭಾಗ ಒತ್ತಿ ಉಬ್ಬುತ್ತದೆ, ಕೋನ ಕಿರಿದಾಗುತ್ತದೆ. ಅದಕ್ಕೇ ಸಣ್ಣ ಪುಲಿಯ ಗ್ರೂವನ್ನು 34 ಡಿಗ್ರಿಗೂ ದೊಡ್ಡದನ್ನು 38ಕ್ಕೂ ಕೊರೆಯುತ್ತಾರೆ. ಎರಡಕ್ಕೂ ಒಂದೇ ಟೂಲಿನಿಂದ ಗ್ರೂವ್ ಹೊಡೆದರೆ ಹೊಸ ಬೆಲ್ಟೂ ಬೇಗ ಸವೆಯುತ್ತದೆ. ಗೋಡೆ ಸವೆದ ಪುಲಿಯಲ್ಲಿ ಬೆಲ್ಟು ಕೆಳಕ್ಕಿಳಿದು ತಳಕ್ಕೆ ಕೂರುತ್ತದೆ, ಹಿಡಿತ ಹೋಗಿ ಜಾರತೊಡಗುತ್ತದೆ. ಕನ್ನಡಿಯಂತೆ ಹೊಳೆಯುವ ಗ್ರೂವಿನ ತಳವೇ ಅದರ ಗುರುತು.

ಅಳತೆಯ ಲೆಕ್ಕ ಬಾಯಲ್ಲೇ ಹಾಕಬಹುದು. ಮೋಟಾರು ನಿಮಿಷಕ್ಕೆ 1440 ಸುತ್ತಿನದು, ಅದರ ಪುಲಿ 4 ಇಂಚು, ಯಂತ್ರದ್ದು 12 ಇಂಚು ಎಂದರೆ ಯಂತ್ರ ಸುಮಾರು 480 ಸುತ್ತು ತಿರುಗುತ್ತದೆ. ಎರಡು ಶಾಫ್ಟುಗಳ ನಡುವೆ 20 ಇಂಚು ಅಂತರವಿದ್ದರೆ ಬೆಲ್ಟಿನ ಹೊರಸುತ್ತು 66 ಇಂಚಿನ ಹತ್ತಿರ ಬರುತ್ತದೆ. ‘ಎ’ ಜಾತಿಯ ಬೆಲ್ಟಿನ ನಂಬರು ಒಳಸುತ್ತಿನ ಇಂಚು, ಹೊರಸುತ್ತಿಗಿಂತ 2 ಕಡಿಮೆ. ಹಾಗಾಗಿ ಕೇಳಬೇಕಾದದ್ದು ಎ-64. ‘ಎ’ ಬೆಲ್ಟಿನ ಮೇಲ್ಮೈ ಅಗಲ 13 ಮಿ.ಮೀ., ‘ಬಿ’ಯದು 17. ವೇಗ ಬದಲಿಸುವ ಆಸೆಗೆ ಮೋಟಾರಿಗೆ ಪುಟ್ಟ ಪುಲಿ ಹಾಕುವವರಿದ್ದಾರೆ. ‘ಎ’ಗೆ 75 ಮಿ.ಮೀ., ‘ಬಿ’ಗೆ 125 ಮಿ.ಮೀ.ಗಿಂತ ಚಿಕ್ಕದಾದರೆ ಬೆಲ್ಟು ಅತಿಯಾಗಿ ಬಾಗಿ ಬಿರುಕು ಬಿಡುತ್ತದೆ.

ಈ ಜೋಡಣೆಯ ಜಾಣ್ಮೆ ನನಗೆ ಅತಿ ಚೆಂದ ಕಾಣುವುದು ಡ್ರಿಲ್ಲಿಂಗ್ ಮಷಿನ್ನಿನ ಮೆಟ್ಟಿಲು ಪುಲಿಯಲ್ಲಿ. ಮೇಲುಮುಚ್ಚಳ ತೆಗೆದರೆ ಎರಡು ಪುಲಿಗಳು ಎದುರುಬದುರು, ಒಂದು ತಲೆಕೆಳಗಾಗಿ ಕೂತಿರುತ್ತವೆ. ಒಂದರ ದೊಡ್ಡ ಮೆಟ್ಟಿಲಿಗೆ ಇನ್ನೊಂದರ ಸಣ್ಣ ಮೆಟ್ಟಿಲು ಜೊತೆ. ಯಾವ ಜೊತೆಯ ವ್ಯಾಸ ಕೂಡಿಸಿದರೂ ಮೊತ್ತ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಒಂದೇ ಬೆಲ್ಟು ಎಲ್ಲ ವೇಗಕ್ಕೂ ಸಾಕು. ಒಂದು ಪುಲಿ ಒಡೆದಾಗ ಗುಜರಿಯಿಂದ ಬೇರೆಯದನ್ನು ತಂದು ಕೂರಿಸಿದರೆ ಒಂದು ಮೆಟ್ಟಿಲಿನಲ್ಲಿ ಬಿಗಿ, ಇನ್ನೊಂದರಲ್ಲಿ ಸಡಿಲ.

ಜೋಡಿಸುವಾಗ ಒಳ್ಳೆಯ ಮೆಕ್ಯಾನಿಕ್ ಮೊದಲು ದಾರ ಹಿಡಿದು ಎರಡೂ ಪುಲಿ ಒಂದೇ ಸಾಲಿನಲ್ಲಿವೆಯೇ ನೋಡುತ್ತಾರೆ. ಸ್ಕ್ರೂಡ್ರೈವರಿನಿಂದ ಬೆಲ್ಟನ್ನು ಮೀಟಿ ಏರಿಸುವುದಿಲ್ಲ, ಒಳಗಿನ ಎಳೆ ಹರಿಯುತ್ತದೆ. ಮೋಟಾರನ್ನು ಸರಿಸಿ ಹಾಕಿ, ಮತ್ತೆ ಎಳೆದು ಬಿಗಿಮಾಡುತ್ತಾರೆ. ಪುಲಿಗಳ ನಡುವಿನ ಒಂದು ಮೀಟರಿಗೆ 16 ಮಿ.ಮೀ.ನಷ್ಟು ಒತ್ತುವಂತಿದ್ದರೆ ಸರಿ. ಅದಕ್ಕಿಂತ ಬಿಗಿದರೆ ಏಟು ಬೇರಿಂಗಿಗೆ. ಮೂರು ಬೆಲ್ಟಿನ ಯಂತ್ರದಲ್ಲಿ ಒಂದು ಹೋದರೂ ಮೂರನ್ನೂ ಬದಲಿಸುತ್ತಾರೆ. ಹಿಗ್ಗಿದ ಹಳೆಯವುಗಳ ಜೊತೆ ಹೊಸದೊಂದೇ ಭಾರವೆಲ್ಲ ಹೊರಬೇಕಾಗುತ್ತದೆ. ಕಿರುಗುಟ್ಟುವ ಬೆಲ್ಟಿಗೆ ರಾಳದ ಪುಡಿ ಎರಚುವುದು ಚಪ್ಪಟೆ ಪಟ್ಟಾದ ಕಾಲದ ಅಭ್ಯಾಸ, ವಿ-ಬೆಲ್ಟಿಗೆ ಸಲ್ಲದು.

ನಿಮ್ಮ ಗಿರಣಿಯದೋ ಮಷಿನ್ನಿನದೋ ಬೆಲ್ಟು ಪದೇ ಪದೇ ಹೋಗುತ್ತಿದ್ದರೆ ಅಂಗಡಿಗೆ ಹೊರಡುವ ಮುನ್ನ ಮೇನ್ ಸ್ವಿಚ್ ಆರಿಸಿ, ಫ್ಯೂಸ್ ತೆಗೆದಿಟ್ಟು, ಗ್ರೂವಿನ ತಳ ನೋಡಿ. ಹೊಳೆಯುತ್ತಿದ್ದರೆ ಮೊದಲು ಪುಲಿ ಬದಲಿಸಿ, ಬೆಲ್ಟು ಆಮೇಲೆ.